ಒಂದು ಕಾರ್ಡಿಗೆ ಮೂರು ವಯಸ್ಸು: ಸಹಾರಾದ ಓಯಸಿಸ್ ಊರುಗಳ ಹಳೆಯ ಪೋಸ್ಟ್‌ಕಾರ್ಡುಗಳು

ಆಲ್ಜೀರಿಯಾದ ಬಿಸ್ಕ್ರಾ ಊರಿನ ಕಾರ್ಡೊಂದು ಕೈಗೆ ಬಂತೆನ್ನಿ. ಖರ್ಜೂರದ ಮರಗಳು, ಮಣ್ಣಿನ ಗೋಡೆ, ಗೋಡೆಯ ಬುಡದಲ್ಲಿ ನೀರಿನ ಕಾಲುವೆ, ಬಿಳಿ ನಿಲುವಂಗಿಯ ಇಬ್ಬರು ಗಂಡಸರು. ಅಂಚೆ ಮೊಹರಿನಲ್ಲಿ 1908 ಎಂದಿದೆ. ಮಾರುವವರು ‘1908ರ ಬಿಸ್ಕ್ರಾ’ ಅಂತ ಹೆಸರಿಟ್ಟಿರುತ್ತಾರೆ, ಕೊಂಡವರೂ ಹಾಗೇ ಬರೆದಿಟ್ಟುಕೊಳ್ಳುತ್ತಾರೆ. ಆದರೆ 1908ರಲ್ಲಿ ಆಗಿದ್ದು ಇಷ್ಟೇ: ಯಾರೋ ಅದನ್ನು ಅಂಚೆ ಡಬ್ಬಿಗೆ ಹಾಕಿದರು. ಕಾರ್ಡು ಅಚ್ಚಾಗಿದ್ದು ಅದಕ್ಕೂ ಮೂರು ನಾಲ್ಕು ವರ್ಷ ಮೊದಲಿರಬಹುದು. ಕ್ಯಾಮೆರಾದ ಮುಂದೆ ಆ ಇಬ್ಬರು ನಿಂತದ್ದು ಇನ್ನೂ ಹತ್ತು ಹದಿನೈದು ವರ್ಷ ಹಿಂದಿರಬಹುದು.

ಪ್ರತಿ ಕಾರ್ಡಿಗೂ ಹೀಗೆ ಮೂರು ವಯಸ್ಸು: ಫೋಟೊ ತೆಗೆದದ್ದು, ಅಚ್ಚಾದದ್ದು, ಅಂಚೆಗೆ ಬಿದ್ದದ್ದು. ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕದಿದ್ದರೆ ಕಾರ್ಡು ಸುಳ್ಳು ಹೇಳುತ್ತದೆ. ಉತ್ತರ ಆಫ್ರಿಕಾದ ಮರಳುಗಾಡಿನ ಊರುಗಳ ವಿಷಯದಲ್ಲಂತೂ ಈ ಸುಳ್ಳು ಹೆಚ್ಚು. ಕಾರಣ ಸರಳ. ಪ್ಯಾರಿಸ್ಸಿನ ದೊಡ್ಡ ಪ್ರಕಾಶಕರ ಹತ್ತಿರ 19ನೇ ಶತಮಾನದ ಗಾಜಿನ ನೆಗೆಟಿವ್‌ಗಳ ರಾಶಿಯೇ ಇತ್ತು. ಪೋಸ್ಟ್‌ಕಾರ್ಡಿನ ಹುಚ್ಚು ಶುರುವಾದಾಗ ಹೊಸದಾಗಿ ಒಂಟೆ ಹತ್ತಿ ಹೋಗುವ ಬದಲು ಹಳೆಯ ಪ್ಲೇಟುಗಳನ್ನೇ ತೆಗೆದು ಕಾರ್ಡು ಮಾಡಿದರು.

ಮೊದಲು ಬೆನ್ನು ನೋಡಿ

ಚಿತ್ರ ಎಷ್ಟೇ ಚೆನ್ನಾಗಿರಲಿ, ಮೊದಲು ಕಾರ್ಡನ್ನು ತಿರುಗಿಸಿ. ಫ್ರಾನ್ಸಿನಲ್ಲಿ, ಅದರ ಜೊತೆಗೆ ಆಗ ಅದರ ಆಳ್ವಿಕೆಯಲ್ಲಿದ್ದ ಆಲ್ಜೀರಿಯಾದಲ್ಲಿ, 1903ರ ಡಿಸೆಂಬರ್‌ವರೆಗೆ ಕಾರ್ಡಿನ ಬೆನ್ನಿನಲ್ಲಿ ವಿಳಾಸ ಬಿಟ್ಟು ಬೇರೇನೂ ಬರೆಯುವ ಹಾಗಿರಲಿಲ್ಲ. ಬರೆಯುವುದಿದ್ದರೆ ಚಿತ್ರದ ಕೆಳಗೆ, ಪಕ್ಕದಲ್ಲಿ, ಆಕಾಶದ ಮೇಲೆ. ಆದ್ದರಿಂದ ಬೆನ್ನಿನ ನಡುವೆ ಉದ್ದಗೆರೆ ಇಲ್ಲದ ಕಾರ್ಡು ಅಚ್ಚಾದದ್ದು 1903 ಅಥವಾ ಅದಕ್ಕೆ ಮೊದಲು. ಎಡಕ್ಕೆ ಪತ್ರ, ಬಲಕ್ಕೆ ವಿಳಾಸ ಎಂದು ಗೆರೆ ಎಳೆದಿದ್ದರೆ 1904 ಅಥವಾ ಆಮೇಲೆ. ಅಂಗಡಿಯಲ್ಲಿ ಉಳಿದ ಹಳೆಯ ದಾಸ್ತಾನು 1905, 1906ರಲ್ಲೂ ಖರ್ಚಾಗುತ್ತಿತ್ತು. ಹಾಗಾಗಿ ಗೆರೆಯಿಲ್ಲದ ಕಾರ್ಡಿನ ಮೇಲೆ 1906ರ ಮೊಹರು ಕಂಡರೆ ಗಾಬರಿ ಬೇಡ.

ಗೆರೆ ಇದೆಯೆಂದ ಮೇಲೆ ಅದರ ಪಕ್ಕದ ಸಣ್ಣ ಅಕ್ಷರಗಳನ್ನು ಓದಿ. ‘ಈ ಬದಿಯಲ್ಲಿ ಪತ್ರ ಬರೆಯುವುದನ್ನು ಎಲ್ಲ ವಿದೇಶಗಳೂ ಒಪ್ಪುವುದಿಲ್ಲ, ಅಂಚೆ ಕಚೇರಿಯಲ್ಲಿ ವಿಚಾರಿಸಿ’ ಎಂಬರ್ಥದ ಫ್ರೆಂಚ್ ಸಾಲು ಅಲ್ಲಿದ್ದರೆ ಅದು ಗೆರೆ ಬಂದ ಮೊದಲ ವರ್ಷಗಳ ಮುದ್ರಣ. ಬ್ರಿಟನ್ 1902ರಲ್ಲೇ ಗೆರೆ ಒಪ್ಪಿತ್ತು, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ. ಎಲ್ಲರೂ ಒಪ್ಪಿದ ಮೇಲೆ ಆ ಎಚ್ಚರಿಕೆಗೆ ಕೆಲಸವಿರಲಿಲ್ಲ, ನಿಧಾನವಾಗಿ ಕಾಣೆಯಾಯಿತು. ಹಳೆಯ ಅಚ್ಚಿನ ಮೊಳೆಯನ್ನೇ ಎತ್ತಿಕೊಂಡು ಮುಂದುವರಿಸಿದ ಪ್ರಕಾಶಕರೂ ಇದ್ದರು. ಆದ್ದರಿಂದ ಇದನ್ನು ತೀರ್ಪು ಎನ್ನದೆ ಸುಳಿವು ಎಂದಷ್ಟೇ ಇಟ್ಟುಕೊಳ್ಳಿ.

ಅಂಚೆಚೀಟಿಯಲ್ಲಿ ಒಂದು ಬಲೆ ಇದೆ. ಆಲ್ಜೀರಿಯಾಕ್ಕೆ ಸ್ವಂತ ಅಂಚೆಚೀಟಿ ಬಂದದ್ದು 1924ರ ಮೇ ತಿಂಗಳಲ್ಲಿ, ಅದೂ ಮೊದಲಿಗೆ ಫ್ರೆಂಚ್ ಚೀಟಿಯ ಮೇಲೆ ಹೆಸರು ಒತ್ತಿ. ಅಲ್ಲಿಯವರೆಗೆ ಬಿಸ್ಕ್ರಾದಲ್ಲಿ ಹಾಕಿದ ಕಾರ್ಡಿಗೂ ಲಿಯೊನ್‌ನಲ್ಲಿ ಹಾಕಿದ ಕಾರ್ಡಿಗೂ ಒಂದೇ ಚೀಟಿ. ಮರಳುಗಾಡಿನ ಚಿತ್ರ ಇರುವ ಕಾರ್ಡು ಮರಳುಗಾಡಿನಿಂದಲೇ ಹೊರಟಿತೇ ಎಂಬುದನ್ನು ಮೊಹರು ಮಾತ್ರ ಹೇಳಬಲ್ಲದು. ಮಾರ್ಸೇ ಬಂದರಿಗೆ ವಾಪಸಾದ ಮೇಲೆ ಆರಾಮವಾಗಿ ಕೂತು ಬರೆದ ಕಾರ್ಡುಗಳೂ ಸಿಗುತ್ತವೆ. ಟ್ಯುನೀಸಿಯಾದಲ್ಲಿ ಈ ಗೊಂದಲವಿಲ್ಲ, ಅಲ್ಲಿಗೆ 1888ರಿಂದಲೇ ತನ್ನದೇ ಚೀಟಿ.

ಫ್ರೆಂಚ್ ದುಂಡು ಮೊಹರಿನಲ್ಲಿ ಮೇಲೆ ಊರು, ಕೆಳಗೆ ಜಿಲ್ಲೆ. ಬಿಸ್ಕ್ರಾ ಆದರೆ ಕೆಳಗೆ ಕಾನ್‌ಸ್ಟಾಂಟೀನ್, ಬೂ ಸಾದಾ ಆದರೆ ಆಲ್ಜೀರ್ಸ್. ನಡುವೆ ದಿನ, ತಿಂಗಳು, ವರ್ಷ ಈ ಕ್ರಮದಲ್ಲಿ. ನಮಗೂ ಇದೇ ಕ್ರಮ ರೂಢಿಯಾದ್ದರಿಂದ ತೊಂದರೆಯಿಲ್ಲ, ಆದರೆ ಅಮೆರಿಕದ ಮಾರಾಟಗಾರರು ದಿನ ತಿಂಗಳು ಅದಲುಬದಲು ಮಾಡಿ ಬರೆದಿರುತ್ತಾರೆ.

ದರವೂ ಮಾತಾಡುತ್ತದೆ. 1917ಕ್ಕೆ ಮೊದಲು ಮಾಮೂಲಿ ಕಾರ್ಡಿಗೆ 10 ಸೆಂಟೀಮ್, ಶುಭಾಶಯದ ಐದು ಪದ ಮೀರದಿದ್ದರೆ 5 ಸೆಂಟೀಮ್. 5 ಸೆಂಟೀಮಿನ ಹಸಿರು ಚೀಟಿ ಇರುವ ಕಾರ್ಡುಗಳಲ್ಲಿ ಬರೀ ‘ಸ್ನೇಹದ ನೆನಪುಗಳು’ ಎಂದು ಬರೆದು ಸಹಿ ಹಾಕಿರುವುದು ಜಿಪುಣತನದ ಲೆಕ್ಕಾಚಾರ, ಪ್ರೀತಿ ಕಡಿಮೆಯಾಗಿ ಅಲ್ಲ. ಚೀಟಿಯೇ ಇಲ್ಲದೆ ಮೂಲೆಯಲ್ಲಿ ‘ಎಫ್. ಎಂ.’ ಎಂದು ಕೈಯಲ್ಲಿ ಬರೆದಿದ್ದರೆ ಅದು ಸೈನಿಕನ ಉಚಿತ ಅಂಚೆ. ತುಗ್ಗುರ್ಟ್, ಲಗುವಾತ್, ಕೊಲೊಂ-ಬೆಷಾರ್ ಥರದ ದಂಡಿನ ಊರುಗಳ ಕಾರ್ಡುಗಳಲ್ಲಿ ಇದು ಮೇಲಿಂದ ಮೇಲೆ ಕಾಣುತ್ತದೆ.

ಚೀಟಿಯನ್ನು ಚಿತ್ರದ ಬದಿಗೇ ಅಂಟಿಸುವ ಚಾಳಿಯೂ ಆಗ ಇತ್ತು. ಸಂಗ್ರಹಕಾರರು ಇದನ್ನು ‘ಟಿ.ಸಿ.ವಿ.’ ಎನ್ನುತ್ತಾರೆ. ಅಂಥ ಕಾರ್ಡಿನಿಂದ ಯಾರಾದರೂ ಚೀಟಿ ಕಿತ್ತಿದ್ದರೆ ಆಕಾಶದ ಒಂದು ಚೌಕ ಹರಿದು ಹೋಗಿರುತ್ತದೆ. ಹೀಗೆ ಕಿತ್ತ ಕಾರ್ಡಿಗೆ ಚಿತ್ರವೂ ಇಲ್ಲ, ಅಂಚೆಯ ಇತಿಹಾಸವೂ ಇಲ್ಲ. ಕಾರ್ಡನ್ನು ನೀರಲ್ಲಿ ನೆನೆಸಿ ಚೀಟಿ ಬಿಡಿಸುವ ಕೆಲಸವನ್ನು ಮಾತ್ರ ಯಾವತ್ತೂ ಮಾಡಬೇಡಿ.

ಹತ್ತು ಪಟ್ಟಿನ ಭೂತಗನ್ನಡಿ

ಅಚ್ಚಿನ ವಿಧಾನ ತಿಳಿಯಲು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ವಾಚ್ ರಿಪೇರಿಯವರು, ಚಿನಿವಾರರು ಬಳಸುವಂಥದ್ದು. ಚಿತ್ರದಲ್ಲಿ ನಡು ಬೂದು ಬಣ್ಣದ ಜಾಗವನ್ನು ಆರಿಸಿ, ಅಂದರೆ ಗೋಡೆಯ ನೆರಳು ಅಥವಾ ದೂರದ ಬೆಟ್ಟ. ಆಕಾಶದಲ್ಲಿ ಹುಡುಕಿದರೆ ಏನೂ ಕಾಣದು, ಕಡುಗಪ್ಪಿನಲ್ಲೂ ಕಾಣದು.

ಅಲ್ಲಿ ಹುಳು ಹರಿದಂಥ, ಸುಕ್ಕುಗಟ್ಟಿದ ಅತಿ ಸಣ್ಣ ಕಣಗಳು ಕಂಡರೆ ಅದು ಕಲೊಟೈಪ್. 1900ರಿಂದ 1920ರವರೆಗಿನ ಓಯಸಿಸ್ ಕಾರ್ಡುಗಳ ಬಹುಪಾಲು ಇದೇ. ಗಾಜಿನ ಮೇಲೆ ಜೆಲಾಟಿನ್ ಪದರ ಹಾಕಿ, ಬೆಳಕಿಗೆ ಒಡ್ಡಿ ಗಟ್ಟಿ ಮಾಡಿ ಅದರಿಂದಲೇ ಅಚ್ಚು ಹಾಕುವ ವಿಧಾನ. ಜೆಲಾಟಿನ್ ಬೇಗ ಸವೆಯುತ್ತದೆ, ಒಂದು ಪ್ಲೇಟಿನಿಂದ ಸಾವಿರ, ಹೆಚ್ಚೆಂದರೆ ಎರಡು ಸಾವಿರ ಪ್ರತಿ. ಬೇಡಿಕೆ ಇದ್ದ ಚಿತ್ರಕ್ಕೆ ಮತ್ತೆ ಮತ್ತೆ ಹೊಸ ಪ್ಲೇಟು ಮಾಡಲೇಬೇಕು. ಹಾಗೆ ಮಾಡಿದಾಗಲೆಲ್ಲ ಚೌಕಟ್ಟು ಒಂದಿಷ್ಟು ಸರಿಯುತ್ತದೆ, ಶೀರ್ಷಿಕೆಯ ಅಕ್ಷರ ಬದಲಾಗುತ್ತದೆ, ಎಡತುದಿಯಲ್ಲಿದ್ದ ಕತ್ತೆ ಅರ್ಧ ಮಾಯವಾಗುತ್ತದೆ. ಒಂದೇ ಸಂಖ್ಯೆಯ ಎರಡು ಕಾರ್ಡು ಪಕ್ಕಪಕ್ಕ ಇಟ್ಟಾಗ ಹೊಂದದಿದ್ದರೆ ಒಂದು ನಕಲಿ ಎಂದು ತೀರ್ಮಾನಿಸಬೇಡಿ. ಬೇರೆ ಪ್ಲೇಟಿನ ಮುದ್ರಣ ಅಷ್ಟೇ.

ಸಾಲಾಗಿ ಜೋಡಿಸಿದ ಚುಕ್ಕೆಗಳು ಕಂಡರೆ ಹಾಫ್‌ಟೋನ್, ಪತ್ರಿಕೆಯ ಫೋಟೊದ ಹಾಗೆ. ಯಾವ ಕಣವೂ ಕಾಣದೆ ಬೂದು ನಯವಾಗಿ ಹರಿದಿದ್ದರೆ ಅದು ನಿಜವಾದ ಬ್ರೋಮೈಡ್ ಫೋಟೊ, ಅಂದರೆ ಶಾಯಿಯ ಅಚ್ಚಲ್ಲ, ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಮೂಡಿಸಿದ್ದು. ವಾರೆಯಾಗಿ ಬೆಳಕಿಗೆ ಹಿಡಿದಾಗ ಕಡುಗಪ್ಪು ಭಾಗಗಳ ಅಂಚಿನಲ್ಲಿ ನೀಲಿ ಬೆಳ್ಳಿಯ ಹೊಳಪು ಕಂಡರೆ ಇನ್ನೂ ಖಾತ್ರಿ. ಆ ಹೊಳಪು ಬೆಳ್ಳಿ ಮೇಲೆದ್ದು ಬಂದಿರುವ ಗುರುತು. ಕೊಳೆ ಎಂದು ಉಜ್ಜಿದರೆ ಚಿತ್ರವೇ ಹೋಗುತ್ತದೆ.

ಬ್ರೋಮೈಡ್ ಕಾರ್ಡುಗಳಿಗೆ ಬೆಲೆ ಹೆಚ್ಚು. ಚಂದ ಇವೆ ಎಂದಷ್ಟೇ ಅಲ್ಲ, ಸ್ಥಳೀಯ ಸ್ಟುಡಿಯೊಗಳು ಸಣ್ಣ ಸಂಖ್ಯೆಯಲ್ಲಿ ತೆಗೆದವು ಹೆಚ್ಚಾಗಿ ಇವೇ. ಪ್ಯಾರಿಸ್ಸಿನವರು ಮಾರುಕಟ್ಟೆ, ಮಸೀದಿ, ಒಂಟೆ ಬಿಟ್ಟು ಆಚೆ ಹೋಗಲಿಲ್ಲ. ಸ್ಥಳೀಯರ ಕ್ಯಾಮೆರಾಕ್ಕೆ ಶಾಲೆ, ಬಾವಿ ತೋಡುವ ಕೆಲಸ, ಪ್ರವಾಹದ ಮರುದಿನ ಇವೂ ಬಿದ್ದವು.

ಬಣ್ಣದ ಕಾರ್ಡುಗಳನ್ನು ನೋಡುವಾಗ ಒಂದು ಮಾತು ನೆನಪಿರಲಿ: ಬಣ್ಣ ಹಚ್ಚಿದವರು ಬಹುತೇಕ ಆ ಊರನ್ನು ಕಂಡವರಲ್ಲ. ಕಪ್ಪು ಬಿಳಿ ಫೋಟೊದ ಮೇಲೆ ಯುರೋಪಿನ ಕಾರ್ಖಾನೆಯಲ್ಲಿ ಅಚ್ಚಿನಿಂದಲೋ ಕುಂಚದಿಂದಲೋ ಬಣ್ಣ ಬಳಿದರು. ಒಂದೇ ಮನುಷ್ಯನ ನಿಲುವಂಗಿ ಒಂದು ಮುದ್ರಣದಲ್ಲಿ ಕೆಂಪು, ಇನ್ನೊಂದರಲ್ಲಿ ನೀಲಿ. ಬಣ್ಣವನ್ನು ನಂಬಿ ‘ಆ ಕಾಲದಲ್ಲಿ ಅಲ್ಲಿ ಇಂಥ ಬಟ್ಟೆ ಉಡುತ್ತಿದ್ದರು’ ಎಂದು ಬರೆದವರು ಮೋಸಹೋದರು. ‘ಬೆಳದಿಂಗಳ ನೋಟ’ ಎಂಬ ಕಾರ್ಡುಗಳು ಇನ್ನೂ ತಮಾಷೆ. ಹಗಲಿನ ಫೋಟೊಗೆ ನೀಲಿ ಬಳಿದು ಮೇಲೊಂದು ಚಂದ್ರನನ್ನು ಅಂಟಿಸಿದ್ದು. ಮರದ ನೆರಳು ಯಾವ ಕಡೆಗೆ ಬಿದ್ದಿದೆ ನೋಡಿ, ಚಂದ್ರ ಎಲ್ಲಿದ್ದಾನೆ ನೋಡಿ. ಸಾಮಾನ್ಯವಾಗಿ ಎರಡೂ ಹೊಂದುವುದಿಲ್ಲ.

ಯಾರ ಕಾರ್ಡು

ಮೂಲೆಯಲ್ಲಿ ‘ಎನ್. ಡಿ.’ ಇದ್ದರೆ ನ್ಯೂರ್ಡೇನ್ ಸೋದರರು, ‘ಎಲ್. ಎಲ್.’ ಇದ್ದರೆ ಲೆವಿ ಸಂಸ್ಥೆ. ಎರಡೂ ಪ್ಯಾರಿಸ್ಸಿನವು, ಎರಡೂ 19ನೇ ಶತಮಾನದಿಂದ ನೋಟಚಿತ್ರಗಳ ವ್ಯಾಪಾರದಲ್ಲಿದ್ದವು. ಮೇಲೆ ಹೇಳಿದ ಹಳೆಯ ಪ್ಲೇಟುಗಳ ರಾಶಿ ಇವರದ್ದೇ. ಮೊದಲ ಮಹಾಯುದ್ಧದ ನಂತರ ಎರಡೂ ಒಂದಾದವು. ‘ಲೆವಿ ಮತ್ತು ನ್ಯೂರ್ಡೇನ್ ಒಂದಾಗಿ’ ಎಂಬರ್ಥದ ಫ್ರೆಂಚ್ ಸಾಲು ಬೆನ್ನಲ್ಲಿದ್ದರೆ ಮುದ್ರಣ ಯುದ್ಧದ ನಂತರದ್ದು, ಫೋಟೊ ಮಾತ್ರ ಎಷ್ಟು ಹಳೆಯದಾದರೂ ಇರಬಹುದು. ಇವರ ನೆಗೆಟಿವ್‌ಗಳು ಈಗ ಪ್ಯಾರಿಸ್ಸಿನ ರೊಜೆ-ವಿಯೊಲೆ ಸಂಗ್ರಹದಲ್ಲಿವೆ. ಆಲ್ಜೀರ್ಸ್‌ನಲ್ಲಿ ಝಾಂ ಗೈಸರ್, ಬಿಸ್ಕ್ರಾದಲ್ಲೇ ಸ್ಟುಡಿಯೊ ಇಟ್ಟಿದ್ದ ಮಾರಿಯುಸ್ ಮೋರ್ ಇವರ ಹೆಸರೂ ಸಿಗುತ್ತದೆ.

ಆದರೆ ಈ ಕ್ಷೇತ್ರದಲ್ಲಿ ಹೆಚ್ಚು ಕೇಳಿಬರುವ ಹೆಸರು ಲೆನರ್ಟ್ ಮತ್ತು ಲಾಂಡ್ರಾಕ್. ಬೊಹೀಮಿಯಾದ ರುಡಾಲ್ಫ್ ಲೆನರ್ಟ್ ಫೋಟೊ ತೆಗೆಯುವವ, ಸ್ಯಾಕ್ಸನಿಯ ಅರ್ನ್‌ಸ್ಟ್ ಲಾಂಡ್ರಾಕ್ ವ್ಯಾಪಾರ ನೋಡಿಕೊಳ್ಳುವವ. 1904ರಲ್ಲಿ ಟ್ಯೂನಿಸ್ ನಗರದಲ್ಲಿ ಅಂಗಡಿ ತೆರೆದರು. ಟೊಜ಼ೂರ್, ನೆಫ್ಟಾ, ಎಲ್ ಊಎದ್, ಬಿಸ್ಕ್ರಾ, ಬೂ ಸಾದಾ ಕಡೆಯ ಮರಳಿನ ದಿಬ್ಬಗಳ ಇವರ ಚಿತ್ರಗಳು ಇಂದಿಗೂ ಕ್ಯಾಲೆಂಡರುಗಳಲ್ಲಿ ಕಾಣುತ್ತವೆ. ಯುದ್ಧ ಬಂದಾಗ ಫ್ರೆಂಚರ ನೆಲದಲ್ಲಿ ಇವರು ಶತ್ರು ದೇಶದವರಾದರು, ಅಂಗಡಿ ಹೋಯಿತು. 1924ರಲ್ಲಿ ಕೈರೋದಲ್ಲಿ ಮತ್ತೆ ಶುರು ಮಾಡಿದರು. 1930ರಲ್ಲಿ ಲೆನರ್ಟ್ ತನ್ನ ಪಾಲು ಬಿಟ್ಟುಕೊಟ್ಟು ಟ್ಯುನೀಸಿಯಾಕ್ಕೆ ಮರಳಿದ, ಅಲ್ಲೇ 1948ರಲ್ಲಿ ತೀರಿಕೊಂಡ.

ಮೂರು ವಯಸ್ಸಿನ ಪಾಠಕ್ಕೆ ಇವರ ಕಾರ್ಡುಗಳಿಗಿಂತ ಒಳ್ಳೆಯ ಉದಾಹರಣೆ ಸಿಗದು. ಬೆನ್ನಿನಲ್ಲಿ ಟ್ಯೂನಿಸ್ ಎಂದಿದ್ದರೆ ಮುದ್ರಣ 1904ರಿಂದ 1914ರ ನಡುವೆ. ಕೈರೋ ಎಂದಿದ್ದರೆ 1924ರ ನಂತರ. ಆದರೆ ಎರಡರಲ್ಲೂ ಒಂದೇ ದಿಬ್ಬ, ಒಂದೇ ಒಂಟೆ, ಒಂದೇ ನೆಗೆಟಿವ್ ಇರಬಹುದು. ಟ್ಯುನೀಸಿಯಾದ ನೋಟಕ್ಕೆ ಕೈರೋ ವಿಳಾಸವಿದ್ದರೆ ಫೋಟೊ ಯುದ್ಧಕ್ಕೆ ಮೊದಲಿನದ್ದಿರುವ ಸಂಭವವೇ ಹೆಚ್ಚು. ಇದರ ಮೇಲೆ ಇನ್ನೊಂದು ಪದರವಿದೆ. 1980ರ ದಶಕದಲ್ಲಿ ಕೈರೋ ಅಂಗಡಿಯಲ್ಲಿ ಹಳೆಯ ಗಾಜಿನ ಪ್ಲೇಟುಗಳು ಮತ್ತೆ ಬೆಳಕಿಗೆ ಬಂದವು. ಆಮೇಲೆ ಹೊಸ ಮುದ್ರಣಗಳೂ ಬಂದವು.

ಹೊಸ ಮುದ್ರಣವನ್ನು ಹಿಡಿಯಲು ಭೂತಗನ್ನಡಿಯ ಜೊತೆ ನೋಟು ಪರೀಕ್ಷಿಸುವ ಸಣ್ಣ ಅತಿನೇರಳೆ ಟಾರ್ಚು ಸಾಕು. ಕತ್ತಲೆ ಕೋಣೆಯಲ್ಲಿ ಕಾರ್ಡಿನ ಬೆನ್ನಿಗೆ ಹಿಡಿಯಿರಿ. 1950ರ ಸುಮಾರಿನಿಂದ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸತೊಡಗಿದರು, ಅಂಥ ಕಾಗದ ಆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಹಳೆಯದು ಮಂಕಾಗಿ ಕೆನೆಬಣ್ಣದಲ್ಲೇ ಉಳಿಯುತ್ತದೆ. ಹೊಳೆದರೆ ಹೊಸದು ಎಂಬುದು ಗಟ್ಟಿ. ಹೊಳೆಯದಿದ್ದರೆ ಹಳೆಯದು ಎಂಬುದು ಅಷ್ಟು ಗಟ್ಟಿಯಲ್ಲ, ಏಕೆಂದರೆ ಬಿಳುಪು ಬೆರೆಸದ ಕಾಗದ ಈಗಲೂ ಸಿಗುತ್ತದೆ. ಆಗ ಶೀರ್ಷಿಕೆಯ ಅಕ್ಷರಗಳನ್ನು ನೋಡಿ. ಹಳೆಯ ಕಾರ್ಡನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದರೆ ಅಕ್ಷರದ ಅಂಚೂ ಬಣ್ಣದ ಚುಕ್ಕೆಗಳಾಗಿ ಒಡೆದಿರುತ್ತದೆ. ಮೂಲದಲ್ಲಿ ಅಕ್ಷರ ಗಟ್ಟಿ ಗೆರೆಯಾಗಿರುತ್ತದೆ.

ಚಿತ್ರದೊಳಗಿನ ಗಡಿಯಾರ

ಫೋಟೊದ ವಯಸ್ಸು ಹೇಳುವುದು ಚಿತ್ರದೊಳಗಿನ ವಸ್ತುಗಳು ಮಾತ್ರ. ಇಲ್ಲಿ ವರ್ಷ ಹೇಳುವ ಬದಲು ‘ಇದಕ್ಕಿಂತ ಮೊದಲಲ್ಲ’, ‘ಇದಕ್ಕಿಂತ ಆಮೇಲಲ್ಲ’ ಎಂದು ಎರಡು ಗೂಟ ಹೊಡೆಯುವುದು ಸರಿಯಾದ ಕ್ರಮ.

ಬಿಸ್ಕ್ರಾಕ್ಕೆ ರೈಲು ಬಂದದ್ದು 1888ರಲ್ಲಿ. ಅದರ ಬೆನ್ನಿಗೇ ಹೋಟೆಲು, ಕ್ಯಾಸಿನೊ, ಚಳಿಗಾಲ ಕಳೆಯಲು ಬರುವ ಯುರೋಪಿಯನ್ನರ ಹಿಂಡು. ಓಯಸಿಸ್ ಕಾರ್ಡುಗಳಲ್ಲಿ ಅರ್ಧದಷ್ಟು ಇದೊಂದೇ ಊರಿನವು ಎನ್ನಿಸುವಷ್ಟು ಹೇರಳವಾಗಿ ಸಿಗಲು ಇದೇ ಕಾರಣ. ಫ್ರೆಂಚ್ ಚಿತ್ರಕಾರ ಮಾತಿಸ್ 1906ರಲ್ಲಿ ಇಲ್ಲಿಗೆ ಬಂದು ಹೋದ, ಹಂಗೇರಿಯ ಸಂಗೀತಗಾರ ಬೇಲಾ ಬಾರ್ತೋಕ್ 1913ರಲ್ಲಿ ಬಂದು ಜನಪದ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ. ಇಲ್ಲಿನ ಚಿತ್ರದಲ್ಲಿ ಕ್ಯಾಥೊಲಿಕ್ ಧರ್ಮಗುರು ಲಾವಿಜರಿಯ ಪ್ರತಿಮೆ ಕಂಡರೆ ಆತ ತೀರಿಕೊಂಡ 1892ಕ್ಕಿಂತ ಮೊದಲಿನ ಫೋಟೊ ಅದಲ್ಲ. ಗೂಟ ಒಂದಾಯಿತು.

ತುಗ್ಗುರ್ಟ್‌ಗೆ ರೈಲು ಮುಟ್ಟಿದ್ದು 1914ರಲ್ಲಿ. ಅಲ್ಲಿನ ನಿಲ್ದಾಣದ ಕಾರ್ಡು ಅದಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ, ಮಾರುವವರು ಏನೇ ಬರೆದಿರಲಿ. ಹಿಂದಿನ ಚಕ್ರದ ಬದಲು ರಬ್ಬರ್ ಪಟ್ಟಿ ಸುತ್ತುವ ಸಿಟ್ರೊಯೆನ್ ವಾಹನಗಳು ಕಂಡರೆ ಇನ್ನೂ ಈಚೆಗೆ ಬನ್ನಿ. ಸಹಾರಾ ದಾಟಿದ ಆ ಮೊದಲ ಮೋಟಾರು ಯಾತ್ರೆ ತುಗ್ಗುರ್ಟ್‌ನಿಂದ ಹೊರಟದ್ದು 1922ರ ಡಿಸೆಂಬರ್‌ನಲ್ಲಿ, ಟಿಂಬಕ್ಟು ಮುಟ್ಟಿದ್ದು 1923ರ ಜನವರಿಯಲ್ಲಿ. ಹೋಟೆಲಿನ ಫಲಕದಲ್ಲಿ ‘ಟ್ರಾನ್ಸಾಟ್ಲಾಂಟಿಕ್’ ಎಂದಿದ್ದರೆ ಅದೂ ಯುದ್ಧಾನಂತರದ ಗುರುತು. ಆ ಹೆಸರಿನ ಫ್ರೆಂಚ್ ಹಡಗು ಕಂಪನಿ ಓಯಸಿಸ್ ಊರುಗಳಲ್ಲಿ ಹೋಟೆಲುಗಳ ಸರಪಳಿ ಕಟ್ಟಿದ್ದು 1920ರ ದಶಕದಲ್ಲಿ.

ಇನ್ನೊಂದು ತುದಿಯ ಗೂಟಕ್ಕೆ ಟ್ಯುನೀಸಿಯಾದ ಬೆಟ್ಟದ ಓಯಸಿಸ್‌ಗಳನ್ನು ನೋಡಿ: ಷೆಬಿಕಾ, ತಮೆರ್ಜಾ, ಮಿದೆಸ್. 1969ರ ಭಾರಿ ಮಳೆ ಪ್ರವಾಹದಲ್ಲಿ ಹಳೆಯ ಊರುಗಳು ಕುಸಿದವು, ಜನ ಪಕ್ಕಕ್ಕೆ ಹೊಸ ಊರು ಕಟ್ಟಿಕೊಂಡರು. ಹಳೆಯ ತಮೆರ್ಜಾದ ಮನೆಗಳಿಗೆ ಚಾವಣಿ ಇದ್ದು ಓಣಿಯಲ್ಲಿ ಮಕ್ಕಳಿದ್ದರೆ ಅದು 1969ಕ್ಕಿಂತ ಆಮೇಲಿನದ್ದಲ್ಲ. ಮರಳುಗಾಡಿನ ಊರನ್ನು ನೀರು ಕೆಡವುತ್ತದೆ ಎಂಬುದು ವಿಚಿತ್ರವೆನಿಸಬಹುದು. ಆದರೆ ಮಣ್ಣಿನ ಮನೆಗೆ ಹತ್ತು ವರ್ಷದ ಬಿಸಿಲಿಗಿಂತ ಮೂರು ದಿನದ ಮಳೆ ದೊಡ್ಡ ಶತ್ರು.

ತೋಟದ ಕಾರ್ಡುಗಳನ್ನು ಜನ ಬೇಗ ದಾಟಿಬಿಡುತ್ತಾರೆ, ‘ಖರ್ಜೂರದ ಮರಗಳು’ ಎಂದು ಬರೆದು ಮುಗಿಸುತ್ತಾರೆ. ನಮ್ಮ ಕಡೆಯವರಿಗೆ, ಅದರಲ್ಲೂ ಅಡಿಕೆ ತೋಟ ಕಂಡವರಿಗೆ ಇಲ್ಲಿ ಓದಲು ಹೆಚ್ಚಿದೆ. ಮೇಲೆ ಖರ್ಜೂರ, ಅದರ ನೆರಳಲ್ಲಿ ದಾಳಿಂಬೆ, ಅಂಜೂರ, ಏಪ್ರಿಕಾಟ್, ನೆಲದಲ್ಲಿ ತರಕಾರಿ ಇಲ್ಲವೇ ಬಾರ್ಲಿ: ಮೂರು ಅಂತಸ್ತಿನ ಬೆಳೆ. ನಡುವೆ ಹರಿಯುವ ಸಣ್ಣ ಮಣ್ಣಿನ ಕಾಲುವೆಗೆ ಅಲ್ಲಿ ‘ಸೆಗ್ಯಾ’ ಎನ್ನುತ್ತಾರೆ. ಕಾಲುವೆ ಕವಲೊಡೆಯುವ ಕಡೆ ಖರ್ಜೂರದ ದಿಮ್ಮಿಗೆ ಕಚ್ಚು ಹಾಕಿ ಅಡ್ಡ ಇಟ್ಟಿರುವುದು ಕೆಲವು ಚಿತ್ರಗಳಲ್ಲಿ ಸ್ಪಷ್ಟ ಕಾಣುತ್ತದೆ. ಅದು ನೀರಿನ ಪಾಲು ಹಂಚುವ ಅಳತೆ. ಟೊಜ಼ೂರ್‌ನ ನೀರು ಹಂಚಿಕೆಯ ಕ್ರಮವನ್ನು 13ನೇ ಶತಮಾನದ ಇಬ್ನ್ ಷಬ್ಬಾತ್ ಎಂಬ ವಿದ್ವಾಂಸನ ಹೆಸರಿನೊಂದಿಗೆ ಜೋಡಿಸುತ್ತಾರೆ. ಕಚ್ಚಿನ ದಿಮ್ಮಿ ಇರುವ ಕಾರ್ಡಿಗೆ ಸುಂದರ ಸೂರ್ಯಾಸ್ತದ ಕಾರ್ಡಿಗಿಂತ ಹೆಚ್ಚು ಬೆಲೆ ಬರಬೇಕು, ಬರುವುದಿಲ್ಲ. ಕೊಳ್ಳುವವರಿಗೆ ಒಳ್ಳೆಯದೇ ಆಯಿತು.

ಶೀರ್ಷಿಕೆಯನ್ನು ನಂಬುವ ಮುನ್ನ

ಊರಿನ ನೋಟಗಳ ಶೀರ್ಷಿಕೆ ಸಾಮಾನ್ಯವಾಗಿ ಸರಿಯಿರುತ್ತದೆ. ಮನುಷ್ಯರ ಕಾರ್ಡಿನಲ್ಲಿ ಹಾಗಲ್ಲ. ‘ದೃಶ್ಯಗಳು ಮತ್ತು ಮಾದರಿಗಳು’ ಎಂಬ ಹೆಸರಿನ ಸರಣಿಗಳು ನೂರಾರು ಬಂದವು. ಸ್ಟುಡಿಯೊದಲ್ಲಿ ಬಟ್ಟೆ, ಒಡವೆ ಕೊಟ್ಟು, ಪರದೆಯ ಮುಂದೆ ನಿಲ್ಲಿಸಿ ತೆಗೆದವು. ಒಬ್ಬಳೇ ಹುಡುಗಿ ಒಂದು ಕಾರ್ಡಿನಲ್ಲಿ ನಗರದ ಮುಸ್ಲಿಂ ಹೆಣ್ಣು, ಇನ್ನೊಂದರಲ್ಲಿ ಮರಳುಗಾಡಿನ ಅಲೆಮಾರಿ ಬೆದೊವಿನ್, ಮತ್ತೊಂದರಲ್ಲಿ ಉಲೆದ್ ನಾಯಿಲ್ ನರ್ತಕಿ. ಬೂ ಸಾದಾ, ಬಿಸ್ಕ್ರಾ ಸುತ್ತಿನ ಉಲೆದ್ ನಾಯಿಲ್ ಸಮುದಾಯದ ಹೆಣ್ಣುಮಕ್ಕಳ ಹೆಸರಿನಲ್ಲಿ ಅರೆಬೆತ್ತಲೆ ಕಾರ್ಡುಗಳ ದೊಡ್ಡ ವ್ಯಾಪಾರವೇ ನಡೆಯಿತು. ಕೊಂಡವರು ಸೈನಿಕರು, ಪ್ರವಾಸಿಗಳು. ಚಿತ್ರದಲ್ಲಿರುವವರ ಒಪ್ಪಿಗೆಯನ್ನು ಯಾರೂ ಕೇಳಿದಂತಿಲ್ಲ, ಹೆಸರನ್ನಂತೂ ಬರೆಯಲಿಲ್ಲ. ಇವನ್ನು ಆ ಊರಿನ ಬದುಕಿನ ದಾಖಲೆ ಎಂದು ಪ್ರದರ್ಶಿಸುವುದು ತಪ್ಪು. ವಸಾಹತು ಕಾಲದ ಕೊಳ್ಳುವವನ ಕಣ್ಣಿನ ದಾಖಲೆ ಎಂದರೆ ಸರಿ. ಅದರಲ್ಲಿ ಚಿಕ್ಕ ವಯಸ್ಸಿನವರ ಚಿತ್ರಗಳನ್ನು ಕೊಳ್ಳದೆ, ಹಂಚದೆ ಬಿಡುವುದೇ ಲೇಸು.

ಪಟ್ಟಿ ಮಾಡುವಾಗ ಎರಡು ಅಂಕಣ ಇಡಿ. ಒಂದರಲ್ಲಿ ಅಚ್ಚಾದ ಶೀರ್ಷಿಕೆ ಅಕ್ಷರಶಃ, ತಪ್ಪಿದ್ದರೂ ತಿದ್ದದೆ. ಇನ್ನೊಂದರಲ್ಲಿ ಚಿತ್ರದಲ್ಲಿ ಕಣ್ಣಿಗೆ ಕಾಣುವುದು ಮಾತ್ರ. ಎರಡನ್ನೂ ಬೆರೆಸಿದರೆ ಪ್ರಕಾಶಕನ ಊಹೆ ನಿಮ್ಮ ಮಾತಾಗಿಬಿಡುತ್ತದೆ.

ಹುಡುಕುವಾಗ ಹಳೆಯ ಹೆಸರುಗಳೇ ಬೇಕು. ಈಗಿನ ಬೆಷಾರ್ ಆಗ ಕೊಲೊಂ-ಬೆಷಾರ್, ಈಗಿನ ಎಲ್ ಮೆನಿಯಾ ಆಗ ಎಲ್ ಗೊಲೆಯಾ, ಈಗಿನ ಇಲ್ಲಿಜಿ ಆಗ ಫೋರ್ ಪೊಲಿನ್ಯಾಕ್, ಈಗಿನ ಎಲ್ ಬಯಾದ್ ಆಗ ಝೆರಿವಿಲ್. ಬೂ ಸಾದಾದ ಹೆಸರನ್ನು ನಡುವೆ ಅಡ್ಡಗೀಟು ಹಾಕಿ, ಹಾಕದೆ, ಕೂಡಿಸಿ ಮೂರು ಬಗೆಯಲ್ಲೂ ಹುಡುಕಿ. ಹಳೆಯ ಕಾರ್ಡು ಮಾರುವ ಡೆಲ್‌ಕಾಂಪ್ ಜಾಲತಾಣದಲ್ಲಿ ಮಾರಾಟಗಾರರು ದೇಶದ ವಿಭಾಗವನ್ನು ಅಡ್ಡಾದಿಡ್ಡಿ ಹಾಕುವುದುಂಟು. ಟ್ಯುನೀಸಿಯಾದ ಗಾಬೆಸ್ ಆಲ್ಜೀರಿಯಾದಲ್ಲಿ ಸಿಕ್ಕಿದರೆ ಪೈಪೋಟಿ ಕಡಿಮೆ. ಕೊಳ್ಳದೆ ಹೋಲಿಸಿ ನೋಡಲು ಫ್ರೆಂಚ್ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ತಾಣ ಪುಕ್ಕಟೆ.

ಮನೆಗೆ ಬಂದ ಮೇಲೆ

ಹಳೆಯ ಕಾರ್ಡಿನ ಅಳತೆ ಸುಮಾರು 9 × 14 ಸೆಂ.ಮೀ. 1950, 60ರ ದಶಕಗಳಲ್ಲಿ ಬಂದ ದೊಡ್ಡ ಕಾರ್ಡು 10.5 × 15. ಚೀಲ ತರಿಸುವಾಗ ಇದನ್ನು ನೋಡಿಕೊಳ್ಳಿ. ಬಿಗಿ ಚೀಲದಲ್ಲಿ ಮೂಲೆ ಮಡಿಚುತ್ತದೆ, ಸಡಿಲ ಚೀಲದಲ್ಲಿ ಕಾರ್ಡು ಓಡಾಡಿ ಅಂಚು ಸವೆಯುತ್ತದೆ. ಚೀಲ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಆಗಿರಲಿ. ತೆರೆದ ಕೂಡಲೇ ರೇನ್‌ಕೋಟಿನ ವಾಸನೆ ಬಂದರೆ ಪಿವಿಸಿ, ಅದರಿಂದ ಒಸರುವ ಎಣ್ಣೆಯಂಥ ದ್ರವ ಬ್ರೋಮೈಡ್ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಸೆಲೊಟೇಪ್ ಹತ್ತಿರವೂ ಸುಳಿಯಬಾರದು. ಬೆನ್ನಿನಲ್ಲಿ ಏನಾದರೂ ಬರೆಯಲೇಬೇಕಿದ್ದರೆ ಮೂಲೆಯಲ್ಲಿ, 2ಬಿ ಪೆನ್ಸಿಲಿನಲ್ಲಿ, ಒತ್ತದೆ.

ಸ್ಕ್ಯಾನ್ ಎರಡೂ ಬದಿಗೆ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) 9 × 14 ಸೆಂ.ಮೀ. ಕಾರ್ಡು ಸುಮಾರು 2126 × 3307 ಪಿಕ್ಸೆಲ್ ಆಗುತ್ತದೆ, ಸಾಮಾನ್ಯ ಕೆಲಸಕ್ಕೆ ಸಾಕು. ಅಂಗಡಿ ಫಲಕ ಓದಬೇಕಿದ್ದರೆ 1200. ಹಾಫ್‌ಟೋನ್ ಕಾರ್ಡಿಗೆ ಅಲೆಅಲೆಯ ಪಟ್ಟಿ ಬಂದರೆ ಚುಕ್ಕೆಗಳು ಸ್ಕ್ಯಾನರಿನ ಸಾಲಿನೊಂದಿಗೆ ಜಗಳವಾಡುತ್ತಿವೆ ಎಂದರ್ಥ. ಡಿಪಿಐ ಬದಲಿಸಿ ಅಥವಾ ಕಾರ್ಡನ್ನು ಒಂದಿಷ್ಟು ಓರೆ ಮಾಡಿ. ತಾನಾಗಿ ಬಣ್ಣ ಸರಿಪಡಿಸುವ ಆಯ್ಕೆಯನ್ನು ಆಫ್ ಮಾಡಿಡಿ. ಕಾಗದದ ಹಳದಿಯೂ ಸಾಕ್ಷಿಯೇ.

ನಮ್ಮಲ್ಲಿ ನಿಜವಾದ ಕಷ್ಟ ಮಳೆಗಾಲ. ಮರಳುಗಾಡಿನ ಒಣಹವೆಯಲ್ಲಿ ಮಾರಾಟವಾದ ಕಾಗದ ಮಂಗಳೂರಿನ ಜುಲೈಯಲ್ಲಿ ಬದುಕಬೇಕು. ಕಲಬುರಗಿಯಲ್ಲಿರುವವರಿಗೆ ಈ ಚಿಂತೆ ಕಡಿಮೆ, ಅವರಿಗೆ ಬೇಸಿಗೆಯಲ್ಲಿ ಬ್ರೋಮೈಡ್ ಕಾರ್ಡು ಬಿಲ್ಲಿನಂತೆ ಬಾಗುವ ಚಿಂತೆ. ತೇವಾಂಶ ಶೇ. 35ರಿಂದ 50ರ ನಡುವೆ ಇದ್ದರೆ ಎಲ್ಲಕ್ಕೂ ಕ್ಷೇಮ. ಗಾಳಿ ಆಡದ ಮುಚ್ಚಳದ ಪೆಟ್ಟಿಗೆ, ಒಳಗೆ ಸಣ್ಣ ತೇವಮಾಪಕ, ಬಟ್ಟೆ ಚೀಲದಲ್ಲಿ ಬಣ್ಣ ಬದಲಿಸುವ ಸಿಲಿಕಾ ಹರಳು. ಹರಳಿನ ಬಣ್ಣ ತಿರುಗಿದ ಕೂಡಲೇ ಹೊರತೆಗೆದು ಬಿಸಿಯಲ್ಲಿ ಒಣಗಿಸಿ ಮತ್ತೆ ಇಡಿ. ತೇವ ಕುಡಿದ ಹರಳನ್ನು ಹಾಗೇ ಬಿಟ್ಟರೆ ಅದರಿಂದ ಉಪಯೋಗವಿಲ್ಲ. ಪೆಟ್ಟಿಗೆಯನ್ನು ಹೊರಗೋಡೆಗೆ ಒರಗಿಸಬೇಡಿ. ನುಸಿಗುಳಿಗೆಯನ್ನೂ ಒಳಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೂ ಫೋಟೊಗೂ ಒಳ್ಳೆಯದಲ್ಲ. ಸಿಲ್ವರ್‌ಫಿಶ್ ಹುಳುಗಳಿಗೆ ಜೆಲಾಟಿನ್, ಅಂಟು ಎರಡೂ ಹಬ್ಬದೂಟ. ಅವಕ್ಕೆ ಒಣಹವೆಯೇ ಮದ್ದು.

ಬೂಷ್ಟು ಕಂಡ ಕಾರ್ಡನ್ನು ಮೊದಲು ಉಳಿದವುಗಳಿಂದ ಬೇರೆ ಮಾಡಿ. ಹಸಿ ಇರುವಾಗ ಒರೆಸಿದರೆ ಹರಡಿ ಕಾಗದದೊಳಗೆ ಇಳಿಯುತ್ತದೆ. ಎರಡು ಮೂರು ದಿನ ನೆರಳಲ್ಲಿ ಒಣಗಿಸಿ, ಪುಡಿಯಾದ ಮೇಲೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆಯ ಕುಂಚದಿಂದ ಒಂದೇ ದಿಕ್ಕಿಗೆ ತಳ್ಳಿ. ಕೈಬಣ್ಣದ ಕಾರ್ಡಿಗೆ ನೀರು, ಉಗುಳು, ರಬ್ಬರು ಯಾವುದೂ ತಗಲಬಾರದು, ಬಣ್ಣ ತಕ್ಷಣ ಎದ್ದು ಬರುತ್ತದೆ. ಬಾಗಿದ ಬ್ರೋಮೈಡ್ ಕಾರ್ಡನ್ನು ಕೈಯಿಂದ ಹಿಮ್ಮುಖ ಬಗ್ಗಿಸಿದರೆ ಜೆಲಾಟಿನ್ ಪದರ ಚಟಪಟ ಸೀಳುತ್ತದೆ. ಎರಡು ಒತ್ತುಕಾಗದದ ನಡುವೆ ಇಟ್ಟು, ಮೇಲೆ ಒಂದೆರಡು ದಪ್ಪ ಪುಸ್ತಕ ಹೇರಿ, ಎರಡು ವಾರ ಮುಟ್ಟದೆ ಬಿಡಿ. ಮುಖಕ್ಕೆ ಮುಖ ಅಂಟಿಕೊಂಡ ಎರಡು ಬ್ರೋಮೈಡ್ ಕಾರ್ಡುಗಳು ಸಿಕ್ಕರೆ ಬಿಡಿಸಲು ಕೈ ಹಾಕಬೇಡಿ. ಹಾಗೇ ಒಂದು ಚೀಲದಲ್ಲಿ ಹಾಕಿ, ಎರಡರ ಬೆನ್ನನ್ನೂ ಸ್ಕ್ಯಾನ್ ಮಾಡಿ, ಕಾಗದ ಸಂರಕ್ಷಣೆ ಕಲಿತವರ ಕೈಗೆ ಕೊಡಿ.